ಬದಲಿ ಕೇಳದ ಅಧ್ಯಕ್ಷರು

ನಂಗಲಿಯ ನಮ್ಮ ಮನೆ ಹಿತ್ತಲಲ್ಲಿ ಒಗೆಯೋ ಕಲ್ಲೊಂದಿದೆ. ನನ್ನ ಗಂಡನ ಅಣ್ಣ ಮುನಿರಾಜು ಭಾವ ದಕ್ಷಿಣದ ವಿಮಾನ ನಿಲ್ದಾಣಗಳ ಮ್ಯಾನೇಜರುಗಳ ಸಂಘಕ್ಕೆ ಅಧ್ಯಕ್ಷರು. ಅವರು ರಜೆಗೆ ಬಂದಾಗಲೆಲ್ಲ ಸಂಘ ನಡೆಯುತ್ತಿದ್ದದ್ದು ಆ ಕಲ್ಲಿನ ಮೇಲೆ. ಮನೆ ಮುಂದೆ ಹೆದ್ದಾರಿ, ಲಾರಿಗಳ ಸದ್ದಿಗೆ ಫೋನಿನ ಮಾತು ಕೇಳಿಸದು. ಅದಕ್ಕೇ ಪಂಚೆ ಎತ್ತಿ ಕಟ್ಟಿಕೊಂಡು ಹಿತ್ತಲಿಗೆ ಬಂದು ಕೂರುವರು. ಒಬ್ಬರ ಹತ್ತಿರ ತಮಿಳು, ಇನ್ನೊಬ್ಬರ ಹತ್ತಿರ ತೆಲುಗು, ಮೇಲಿನ ಆಫೀಸಿನವರ ಹತ್ತಿರ ಇಂಗ್ಲಿಷು. ನಾನು ನೆನೆಸಿದ ಬಟ್ಟೆಯ ಬಕೆಟ್ಟು ಹಿಡಿದು ಕಾಯುವುದು.

"ಭಾವಾ, ನಿಮ್ಮ ಸಂಘ ಸ್ವಲ್ಪ ಎದ್ರೆ ನಾಕು ಬಟ್ಟೆ ಕುಕ್ಕೊತೀನಿ."

"ಒಂದ್ನಿಮಿಷ ಕಣಮ್ಮ. ಇಬ್ರು ಜಗಳ ಆಡ್ಕೊಂಡವ್ರೆ. ಪೂರ್ತಿ ಬೈದ್ಕೊಳ್ಲಿ, ಆಮೇಲೆ ತಣ್ಣಗಾಗ್ತಾರೆ."

ಅವರು ಅಧ್ಯಕ್ಷಗಿರಿ ಮಾಡುತ್ತಿದ್ದದ್ದೇ ಹಾಗೆ. ಯಾರ ಮಾತನ್ನೂ ನಡುವೆ ತಡೆಯುತ್ತಿರಲಿಲ್ಲ. ಕೊನೆಗೆ ಒಂದೇ ಮಾತು ಹೇಳಿ ಫೋನ್ ಇಡುವರು. ಎದ್ದು ಹೋಗುವಾಗ ನನ್ನ ಬಕೆಟ್ಟಿಗೆ ಒಂದು ಕೊಡ ನೀರು ತಾವೇ ಸೇದಿ ಸುರಿಯುವರು. ಮನೆಯ ಹಿರಿಮಗ, ಅಷ್ಟು ದೊಡ್ಡ ಕೆಲಸದವರು. ಅಂಥವರ ಮನೆಗೆ ನನ್ನನ್ನು ಸೊಸೆಯಾಗಿ ಕಳಿಸಿದನಲ್ಲ ಎಂದು ದೇವರಿಗೆ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಒಂದು ಸಲ ಸಂಘದ ವಾರ್ಷಿಕ ಸಭೆಯನ್ನು ಕೋಲಾರದಲ್ಲೇ ಇಟ್ಟುಕೊಂಡರು. ನಮ್ಮ ಸೀಮೆಯ ನೆನಪಿರಲಿ ಎಂದು ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಹೇಳಿ ಮಾಡಿಸಿ, ಬಂದವರಿಗೆಲ್ಲ ಒಂದೊಂದು ಕಲ್ಲಿನ ಗಣಪ ಕೊಟ್ಟರು. ಮಾರನೆಯ ದಿನ ಹಿತ್ತಲ ಕಲ್ಲಿನ ಮೇಲೆ ಫೋನು ಒಂದೇ ಸಮ ಬಡಿದುಕೊಂಡಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ವಿಮಾನ ನಿಲ್ದಾಣ ನಡೆಸುವವರನ್ನೇ ಸಾಲಾಗಿ ನಿಲ್ಲಿಸಿಬಿಟ್ಟಿದ್ದರು. ಸಾಮಾನಿನ ತೂಕ ಜಾಸ್ತಿಯಂತೆ!

ಅವತ್ತು ಫೋನ್ ಮಾಡಿದವರು ರಾಜಶೇಖರ್ ಅಂತ. ಅಧ್ಯಕ್ಷ ಸ್ಥಾನಕ್ಕೆ ಭಾವನವರ ಎದುರು ನಿಂತು ಸೋತವರು, ಬಾಯಿ ಜೋರು. ಅವರ ಮಾತು ನನ್ನ ತನಕ ಕೇಳುತ್ತಿತ್ತು. "ಏನ್ ಸಾರ್ ಇದು, ಎಲೆಕ್ಷನ್ನಲ್ಲಿ ಸೋಲಿಸಿದ್ದು ಸಾಲದು ಅಂತ ತಲೆ ಮೇಲೆ ಬಂಡೆ ಬೇರೆ ಹೊರಿಸಿದ್ರಾ? ನೀವೊಂದು ಮಾತು ಇಲ್ಲಿಯೋರಿಗೆ ಹೇಳಿ, ಬಿಡ್ತಾರೆ."

ಭಾವನವರು ನಕ್ಕರು. "ನಮ್ಮೋರನ್ನೇ ತಡೆದವ್ರೆ ಅಂದ್ರೆ ಕೆಲಸ ಸರಿಯಾಗ್ ಮಾಡ್ತಾವ್ರೆ ಅಂತ ರಾಜಶೇಖರ್. ಕೇಳಿದಷ್ಟು ಕಟ್ಬಿಟ್ಟು ಹೋಗಿ." ಕೆಲವರು ಕಟ್ಟಿದರು, ಕೆಲವರು ಗಣಪನನ್ನು ನೆಂಟರ ಮನೆಗೆ ಸಾಗಹಾಕಿದರು. ಭಾವನವರು ಮಾತ್ರ ಯಾರಿಗೂ ಶಿಫಾರಸು ಮಾಡಲಿಲ್ಲ.

ಅಧ್ಯಕ್ಷರಾಗಿ ಅವರು ಹಟ ಹಿಡಿದು ಕೇಳಿದ್ದು ಒಂದೇ ಒಂದು. ಸಣ್ಣ ನಿಲ್ದಾಣಗಳಲ್ಲಿ ದಿನಕ್ಕೆ ಒಂದೋ ಎರಡೋ ವಿಮಾನ. ಆದರೂ ಮ್ಯಾನೇಜರು ಒಬ್ಬರೇ, ಅವರು ಜಾಗ ಬಿಟ್ಟು ಅಲ್ಲಾಡುವ ಹಾಗಿಲ್ಲ. ನಮ್ಮ ಮಾವ ತೀರಿಕೊಂಡಾಗ ಭಾವನವರು ಅಂಥ ಒಂದು ನಿಲ್ದಾಣದಲ್ಲಿದ್ದರು. ಜಾಗಕ್ಕೆ ಬರಲು ಬೇರೆ ಜನ ಸಿಗಲಿಲ್ಲ. ಅವರು ಊರಿಗೆ ಬರುವ ಹೊತ್ತಿಗೆ ಎಲ್ಲ ಕಾರ್ಯ ಮುಗಿದಿತ್ತು. ತಂದೆಯ ಮುಖ ನೋಡಲಿಲ್ಲ ಎಂಬ ಸಂಕಟ ಅವರನ್ನು ಬಿಡಲೇ ಇಲ್ಲ. "ನನಗಾಗಿದ್ದು ಇನ್ಯಾರಿಗೂ ಆಗ್ಬಾರ್ದಮ್ಮ" ಎನ್ನುವರು. ಮೇಲಿನ ಆಫೀಸಿಗೆ ಹತ್ತಿ ಇಳಿದು, ಮಾತು ಕೇಳಿಸಿಕೊಂಡು, ಕೊನೆಗೆ ಇಡೀ ದಕ್ಷಿಣಕ್ಕೆ ಒಬ್ಬ ಬದಲಿ ಮ್ಯಾನೇಜರನ್ನು ಕೊಡಿಸಿದರು. ಯಾರಿಗೆ ರಜೆ ಬೇಕೋ ಅವರ ಜಾಗಕ್ಕೆ ಆತ ಹೋಗಿ ನಿಲ್ಲಬೇಕು. ಮೊದಲು ಕೇಳಿದವರಿಗೆ ಮೊದಲು ಎಂದು ನಿಯಮ ಮಾಡಿದವರೂ ಭಾವನವರೇ. ಆ ಸುದ್ದಿ ಬಂದ ದಿನ ನಾನು ಕುರುಡುಮಲೆ ಗಣಪನಿಗೆ ತೆಂಗಿನಕಾಯಿ ಒಡೆಸಿ ಬಂದೆ.

ಆಮೇಲಿನ ವರ್ಷ ನಮ್ಮತ್ತೆ ಹಾಸಿಗೆ ಹಿಡಿದರು. ಅತ್ತೆಯ ಮಾತೆಲ್ಲ ತೆಲುಗು. ಬಾಗಿಲ ಸದ್ದಾದರೆ ಸಾಕು, "ಪೆದ್ದೋಡು ಒಚ್ಚಿನಾಡಾ?" ಎನ್ನುವರು. ದೊಡ್ಡೋನು ಬಂದನಾ ಅಂತ. ಡಾಕ್ಟರು ನನ್ನ ಗಂಡನನ್ನು ಆಚೆ ಕರೆದು, ಬರುವವರಿದ್ದರೆ ಬೇಗ ಬರಲಿ ಎಂದರು. ನಾನೇ ಫೋನ್ ಮಾಡಿದೆ.

"ಭಾವಾ, ಇವತ್ತು ಅತ್ತೆ ಚೆನ್ನಾಗಿ ಮಾತಾಡ್ತಾವ್ರೆ. ನಿಮ್ಮನ್ನೇ ಕೇಳ್ತಾವ್ರೆ. ಬಂದ್ಬಿಡಿ."

"ಬದಲಿಯೋರು ರಾಜಶೇಖರ್ ಜಾಗದಲ್ಲಿ ಅವ್ರೆ ಕಣಮ್ಮ. ಅವ್ರ ಮಗಳ ನಿಶ್ಚಿತಾರ್ಥ. ಅದು ಮುಗೀತಿದ್ದಂಗೇ ಇಲ್ಲಿಗೆ ಬರ್ತಾರೆ, ನಾನು ಹೊರಡ್ತೀನಿ."

"ಅವರಿಗೆ ಒಂದು ಮಾತು ಹೇಳ್ನೋಡಿ ಭಾವಾ."

"ಹೇಳಿದ್ರೆ ಬಿಟ್ಕೊಡ್ತಾರೆ ಕಣಮ್ಮ. ಅದಕ್ಕೇ ಹೇಳಲ್ಲ. ಬಡಿಸೋನು ಮೊದಲು ತನ್ನ ಎಲೆಗೆ ಬಡಿಸ್ಕೊಂಡ್ರೆ ಪಂಕ್ತೀಲಿ ಕೂತೋರು ಏನಂತಾರೆ?" ಎಂದರು.

ನನಗೆ ರೇಗಿತು. ಪಂಕ್ತಿಯಲ್ಲಿ ಕೂತವರ ಕಥೆ ಇರಲಿ, ಹೆತ್ತವಳು ಕಾಯುತ್ತಿದ್ದಾಳಲ್ಲ! ಫೋನ್ ಇಟ್ಟು ಅತ್ತೆಯ ಮಂಚದ ಹತ್ತಿರ ಹೋದೆ.

ಬದಲಿ ಸಿಕ್ಕ ಮೇಲೆ ಭಾವನವರು ಬಂದರು. ಅತ್ತೆಗೆ ಜೀವ ಇತ್ತು, ಅದು ದೇವರ ದಯೆ. ಗುರುತು ಮಾತ್ರ ಹೋಗಿತ್ತು. ಲಾರಿ ನಿಲ್ಲಿಸಿ ಬಾಯಾರಿ ಬಂದವರಿಗೆಲ್ಲ ಜಗಲಿಯಲ್ಲಿ ನೀರು ಕೊಟ್ಟು ಬದುಕಿದ ಜೀವ ಅದು. ಮಂಚದ ಹತ್ತಿರ ಬಗ್ಗಿ ನಿಂತ ಮಗನನ್ನು ಅರಳುಗಣ್ಣಲ್ಲಿ ನೋಡಿ, "ನೀಳ್ಳು ಕಾವಾಲ್ನಾ ನಾಯನಾ?" ಅಂದರು. ನೀರು ಬೇಕೇನಪ್ಪಾ ಅಂತ, ದಾರಿಹೋಕರನ್ನು ಕೇಳುವ ಹಾಗೆ. ಭಾವನವರು "ಕಾವಾಲಮ್ಮಾ" ಎಂದರು. ನಾನು ಲೋಟ ತಂದು ಅತ್ತೆಯ ಕೈಗೆ ಮುಟ್ಟಿಸಿ ಭಾವನವರಿಗೆ ಕೊಟ್ಟೆ. ನಿಂತ ಹಾಗೇ ಕುಡಿದು ಲೋಟ ಕೆಳಗಿಟ್ಟು ಹಿತ್ತಲಿಗೆ ಹೋದರು. ಅತ್ತೆಯ ಜೀವ ಹೋಗುವಾಗ ಮಗನ ತೊಡೆಯ ಮೇಲೆ ತಲೆ ಇತ್ತು. ಅಷ್ಟಾದರೂ ಆಯಿತು.

ತಿಥಿಯ ದಿನ ರಾಜಶೇಖರ್ ಬಂದರು. ಭಾವನವರು ಬದಲಿಗಾಗಿ ಕಾದ ವಿಷಯ ಅವರಿಗೆ ಬೇರೆಯವರಿಂದ ಗೊತ್ತಾಗಿತ್ತು. ಬಂದವರೇ, ಮನೆ ತುಂಬ ಜನ ಇದ್ದಾರೆ ಅನ್ನುವುದನ್ನೂ ನೋಡದೆ ಕೂಗಾಡಿಬಿಟ್ಟರು. "ಒಂದು ಮಾತು ಹೇಳಬಾರದಿತ್ತಾ ಸಾರ್? ನಾನೇನು ಮನುಷ್ಯ ಅಲ್ವಾ? ನಿಮ್ಮ ದೊಡ್ಡತನಕ್ಕೆ ನನ್ನ ಮಗಳ ನಿಶ್ಚಿತಾರ್ಥಾನೇ ಬೇಕಿತ್ತಾ? ಇನ್ಮೇಲೆ ಆ ಫೋಟೋಗಳನ್ನ ನಾನು ಹೆಂಗೆ ನೋಡ್ಲಿ?" ಕೊನೆಗೆ ಕಂಬ ಹಿಡಿದುಕೊಂಡು ಅತ್ತುಬಿಟ್ಟರು. ಎಷ್ಟೊಂದು ಜಗಳ ತಣ್ಣಗೆ ಮಾಡಿದ ಭಾವನವರು ಅವತ್ತು ಬರೀ ಕೈ ಮುಗಿದರು.

ಅಲ್ಲಿಂದಾಚೆಗೆ ಅವರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಿಲ್ಲ. ಆಮೇಲೆ ಅಧ್ಯಕ್ಷರಾದವರು ರಾಜಶೇಖರೇ. ಅವರು ಮಾಡಿದ ಮೊದಲ ಕೆಲಸ ಭಾವನವರ ನಿಯಮ ತೆಗೆದು ಹಾಕಿದ್ದು. ಮೊದಲು ಕೇಳಿದವರಿಗೆ ಅಲ್ಲ, ಮನೆಯಲ್ಲಿ ಕಾಯಿಲೆ, ಸಾವು ಇರುವವರಿಗೆ ಮೊದಲು. ಸುದ್ದಿ ತಿಳಿದಾಗ ಭಾವನವರು, "ಸರಿಯಾಗೇ ಮಾಡಿದ. ನನಗೆ ಹೊಳೀಲಿಲ್ಲ ನೋಡು" ಎಂದಷ್ಟೇ ಹೇಳಿ ಎಲೆಯಲ್ಲಿ ಅನ್ನ ಕಲೆಸುತ್ತಾ ಕೂತರು, ತಿನ್ನಲಿಲ್ಲ.

ಈಗ ಭಾವನವರೂ ಇಲ್ಲ. ರಿಟೈರಾದ ಮೇಲೆ ಬಹಳ ದಿನ ಇರಲಿಲ್ಲ, ಎದೆ ನೋವು ಅಂದವರು ಆಸ್ಪತ್ರೆ ಸೇರುವ ಮೊದಲೇ ಹೋದರು. ಅದಕ್ಕೆ ಸ್ವಲ್ಪ ಮುಂಚೆ, ಒಂದು ಸಂಕಷ್ಟಿಗೆ ನಾನೂ ಅವರೂ ಕುರುಡುಮಲೆಗೆ ಹೋಗಿದ್ದೆವು. ಪೂಜೆ ಮುಗಿಸಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಗ ಕೇಳಿದರು. "ಅಮ್ಮನ ವಿಷಯದಲ್ಲಿ ನಾನು ತಪ್ಪು ಮಾಡಿದ್ನೇನಮ್ಮ? ಎಲ್ರೂ ದೊಡ್ಡ ಮನುಷ್ಯ ಅಂತಾರೆ. ನೀನು ಹೇಳು. ಹತ್ರ ಇದ್ದೋಳು ನೀನು."

ದೇವರ ಮುಂದೆ ಕೂತು ಸುಳ್ಳು ಹೇಳಲಾರೆ. "ತಪ್ಪೇ ಮಾಡಿದ್ರಿ ಭಾವಾ" ಅಂದೆ. "ಅತ್ತೆ ಕೇಳ್ತಾನೇ ಇದ್ರು. ನೀವ್ಯಾಕೆ ಬರ್ಲಿಲ್ಲ ಅಂತ ಅವರಿಗೆ ನಾನೇ ಹೇಳ್ದೆ, ಯಾರೋ ಹೆಣ್ಣುಮಗಳ ನಿಶ್ಚಿತಾರ್ಥಕ್ಕೆ ದಾರಿ ಬಿಟ್ಟವ್ರೆ ಅಂತ. 'ಪೋನೀಲೇ, ಆಡಪಿಲ್ಲ ಕಾರ್ಯಂ' ಅಂದ್ರು."

"ಹೋಗ್ಲಿ ಬಿಡು, ಹೆಣ್ಣುಮಗಳ ಕಾರ್ಯ ಅಂದ್ಲಾ?"

"ಹ್ಞೂಂ. ಅಂದ್ಬಿಟ್ಟು ಮತ್ತೆ ಬಾಗಿಲ ಕಡೆಗೇ ತಿರುಗಿದ್ರು."

ಅವರು ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು. "ಹೋಗ್ಲಿ ಅಂದಿದ್ದೂ ಬಾಗಿಲು ನೋಡಿದ್ದೂ ಎರಡೂ ಹೇಳ್ದೆ ನೀನು. ಒಳ್ಳೇದು ಮಾಡ್ದೆ" ಎಂದರು. ಮುಳಬಾಗಿಲಿನ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ನಾನು ಹೂವಿನ ಬುಟ್ಟಿ ಎತ್ತಿಕೊಂಡು ಎದ್ದೆ. ಭಾವನವರು ಏಳಲಿಲ್ಲ.

"ಇದು ಹೋಗ್ಲಿ ಕಣಮ್ಮ, ಇನ್ನೊಂದು ಬರುತ್ತೆ. ಸ್ವಲ್ಪ ಹೊತ್ತು ಕೂತ್ಕೋ" ಎಂದರು. ಕೂತೆ.