ಸೋಸಿದ ಬಾಟಲಿಯ ಮಣ್ಣು

ದೇವರನ್ನು ನಂಬಿದವಳು ನಾನು, ಪವಾಡಗಳನ್ನಲ್ಲ. ಯಾರಾದರೂ ವಿಚಿತ್ರ ಕಂಡೆನೆಂದರೆ, ಬಿಸಿಲಿಗೆ ತಲೆ ತಿರುಗಿರಬೇಕೆಂದು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಹಾಗೇ ಅನ್ನಬಹುದು.

ಘಟಪ್ರಭೆಯ ನೀರಿನಲ್ಲಿ ಎಷ್ಟು ಮಣ್ಣು ತೇಲುತ್ತದೆಂದು ಉಪಗ್ರಹದ ಚಿತ್ರದ ಬಣ್ಣದಿಂದ ಅಳೆಯುವುದು ನನ್ನ ಮಗಳ ಪಿಎಚ್.ಡಿ. ಕೆಲಸ. ಚಿತ್ರ ಹೇಳಿದ್ದು ಸರಿಯೇ ಎಂದು ನೋಡಲು, ಉಪಗ್ರಹ ಮೇಲೆ ಹಾಯುವ ಹೊತ್ತಿಗೇ ಹೊಳೆಯ ನೀರು ತುಂಬಿಡಬೇಕು. ಆ ಮಳೆಗಾಲ ಪೂರ್ತಿ ಮೋಡ. ಕೊನೆಗೊಂದು ಸೋಮವಾರ ಗೋಕಾಕದ ಮೇಲೆ ಆಕಾಶ ತೆರೆಯಿತು. ಅಂದೇ ಮಗಳಿಗೆ ಜ್ವರ.

"ಬರೋಬ್ಬರಿ ಹನ್ನೊಂದಕ್ಕ ತುಂಬಬೇ ಅವ್ವಾ. ಈ ಒಂದ್ ಬಾಟ್ಲಿ ತಪ್ಪಿದ್ರ ನನ್ನ ವರ್ಷ ಹೋತು."

ಪೂಜೆಯ ನೀರಿಗೆಂದು ತಂಬಿಗೆಯನ್ನೂ ಸೋಸುವ ಅರಿವೆಯನ್ನೂ ಒಯ್ದೆ. ಹೊಳೆ ಕೆಂಪಗೆ ತುಂಬಿತ್ತು. ಮೆಟ್ಟಿಲ ಮೇಲೆ ಕುಳಿತಾಗ ಸಪ್ಪಳವೆಲ್ಲ ದೂರ ಸರಿಯಿತು. ನೀರು ನಿಂತಿದೆ, ದಂಡೆಯೇ ಮೆಲ್ಲಗೆ ಹೋಗುತ್ತಿದೆ ಅನಿಸಿತು. ಆ ಗುಂಗಿನಲ್ಲೇ ತಂಬಿಗೆ ತುಂಬಿದೆ, ಬಾಟಲಿ ತುಂಬಿದೆ.

ಮನೆಗೆ ಬಂದು ಅರಿವೆ ಹಿಂಡುವಾಗ ಮಾಡಿದ ತಪ್ಪು ಹೊಳೆಯಿತು. ಲಿಂಗಪೂಜೆಗೆ ಸೋಸದ ನೀರು ತುಂಬಿ ಗೊತ್ತಿಲ್ಲದ ಕೈ, ಬಾಟಲಿಯ ಬಾಯಿಗೂ ನಾಲ್ಕು ಮಡಿಕೆಯ ಅರಿವೆ ಹಿಡಿದಿತ್ತು. ಅಳೆಯಬೇಕಾದ ಮಣ್ಣು ಅರಿವೆಯಲ್ಲಿತ್ತು. ಬಾಟಲಿಯನ್ನು ಕಿಟಕಿಗೆ ಹಿಡಿದೆ. ಆಚೆಯ ಸರಳುಗಳು ಎಣಿಸುವಷ್ಟು ಕಂಡವು. ಜ್ವರದಲ್ಲಿ ಮಲಗಿದವಳಿಗೆ ಹೇಳುವ ಧೈರ್ಯವಾಗಲಿಲ್ಲ.

ಮೂರು ದಿನದ ಮೇಲೆ ಬಾಟಲಿಯನ್ನು ಲ್ಯಾಬಿಗೆ ಒಯ್ದ ಮಗಳು ಸಂಜೆ ನಗುತ್ತ ಬಂದಳು. ಉಪಗ್ರಹ ಹೇಳಿದಷ್ಟೇ ಮಣ್ಣು ಬಾಟಲಿಯಲ್ಲಿ ಸಿಕ್ಕಿತ್ತಂತೆ. ನಾನು ಸುಮ್ಮನಿರಬಹುದಿತ್ತು. ಊಟಕ್ಕೆ ಕುಳಿತಾಗ ಸೋಸಿದ್ದನ್ನು ಹೇಳಿಬಿಟ್ಟೆ.

"ಸೋಸಿದ್ರ ಇಷ್ಟ್ ಮಣ್ಣ ಎಲ್ಲಿಂದ ಬರತೈತಿ? ನಿದ್ದಿಗಣ್ಣಾಗ ಇದ್ದೇನಬೇ?"

"ನಿನ್ನ ಉಪಗ್ರಹಕ್ಕ ನಿದ್ದಿ ಇಲ್ಲ ಖರೆ, ನಾನೂ ಎಚ್ಚರಾ ಇದ್ನೆವ್ವಾ. ಸೋಸೇನಿ."

ಮರುದಿನ ಅವಳೇ ಹೊಳೆಯ ನೀರು ತಂದು, ಅದೇ ಅರಿವೆಯಲ್ಲಿ ಸೋಸಿ, ಒಣಗಿಸಿ ತೂಗಿದಳು. ಅರ್ಧದಷ್ಟೂ ಮಣ್ಣು ಉಳಿದಿರಲಿಲ್ಲ. ಆಮೇಲೆ ಅಳತೆ ಬರೆಯುವ ವಹಿ ತೆರೆದು ಸೋಮವಾರದ ಅಂಕಿಯ ಮೇಲೆ ಗೆರೆ ಎಳೆದಳು. "ಅಂಕಿ ಕೂಡಿ ಬಂದೈತಿ, ಇರಲಿ ಬಿಡ" ಎಂದೆ ನಾನೇ.

"ಅವ್ವ ಸೋಸೇನಿ ಅಂದ್ರ ಸೋಸ್ಯಾಳ" ಎಂದಳು.

ಅವಳ ಪದವಿ ಒಂದು ವರ್ಷ ತಡವಾಯಿತು. ನನ್ನ ಮಾತನ್ನು ಆಕೆ ನಂಬಿದ್ದನ್ನು ದೇವರ ದಯೆಯೆಂದು ಎಣಿಸಿಕೊಂಡಿದ್ದೇನೆ. ಆ ಬಾಟಲಿಯ ಮಣ್ಣನ್ನು ಯಾವುದರಲ್ಲಿ ಎಣಿಸಬೇಕೋ, ಇಂದಿಗೂ ತಿಳಿದಿಲ್ಲ.