ಖಾಲಿ ಜಾಗದಲ್ಲಿ ರೆನಾತಾ

"ಅಮ್ಮಾ, ಬೊಹುಮಿಲ್ ತಾತ ಯಾಕೆ ಟೀವೀಲಿ ಆ ಅಕ್ಕನ ಮುಖ ಆರಿಸೋದು, ಮತ್ತೆ ಹಚ್ಚೋದು ಮಾಡ್ತಾನೇ ಇರ್ತಾರೆ?"

ಐದು ವರ್ಷದ ಯಿತ್ಕಾ ಹೀಗೆ ಕೇಳಿದಾಗ ರಾದ್ಕಾ ಪ್ಲಮ್ ಕಡುಬಿನ ಮೇಲೆ ಸಕ್ಕರೆ ಉದುರಿಸುತ್ತಿದ್ದಳು. ಡಬ್ಬಿಗೆ ನಾಲ್ಕು ಕಡುಬು ಹೆಚ್ಚಿಗೆ ಹಾಕಿಕೊಂಡು ಮಗಳ ಜೊತೆ ಮೇಲಿನ ಮಹಡಿಯ ನೆರೆಮನೆಗೆ ಹೊರಟಳು.

ಬೊಹುಮಿಲ್ ಬರ್ನೋ ನಗರದ ಟ್ರಾಮ್ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ವೈರಿಂಗ್ ಕೆಲಸ ಮಾಡಿದವರು. ಮಗಳು ರೆನಾತಾ ಹದಿನೇಳಕ್ಕೇ ರಕ್ತದ ಕಾಯಿಲೆಯಿಂದ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಅವಳು ಬಿಟ್ಟುಹೋದದ್ದು ಟೀವಿಗೆ ಸಿಕ್ಕಿಸುವ, ರಬ್ಬರ್ ಕೀಲಿಗಳ ಪುಟ್ಟ ಕಂಪ್ಯೂಟರ್. ಜೊತೆಗೆ ತಾನೇ ಬರೆದ, ಅಣಬೆ ಆಯುವ ಆಟದ ಒಂದು ಕ್ಯಾಸೆಟ್.

ಆ ಯಂತ್ರವನ್ನು ನಡೆಸುವ ಸೂಚನೆಗಳಿದ್ದ ಮೂಲ ಚಿಪ್ಪಿನ ಕೊನೆಯಲ್ಲಿ, ತಯಾರಿಸಿದವರು ಬಳಸದೆ ಬಿಟ್ಟ ಚೂರು ಜಾಗವಿತ್ತು. ಉದ್ದಕ್ಕೂ ಬರೀ ೨೫೫ ಎಂಬ ಅಂಕಿ, ಏನೂ ಬರೆದಿಲ್ಲ ಎಂಬುದರ ಗುರುತು. ಯಾರಿಗೂ ಬೇಡದ ಜಾಗ ತಾನೇ ಎಂದು ಬೊಹುಮಿಲ್ ಫೋಟೊ ನೋಡಿ ಚುಕ್ಕೆಚುಕ್ಕೆಯಾಗಿ ಮಗಳ ಮುಖ ಬಿಡಿಸಿ, ಹಳೆಯದರ ನಕಲಿದ್ದ ಹೊಸ ಚಿಪ್ಪಿನಲ್ಲಿ ಅಲ್ಲೆಲ್ಲ ತುಂಬಿದರು. ಸ್ವಿಚ್ ಹಾಕಿದರೆ ಕಂಪನಿಯ ಹೆಸರಿನ ಬದಲು ರೆನಾತಾ ನಗುತ್ತಿದ್ದಳು. ಹಳೆಯ ಚಿಪ್ ಕೀಳುವಾಗಲೇ ಅದರ ತಂತಿಗಾಲು ಮುರಿದು, ಮತ್ತೆ ಹಾಕುವಂತಿರಲಿಲ್ಲ. ಹಳೆಯ ಆಟ ಒಂದೂ ಕೆಡಬಾರದೆಂದು ಅರವತ್ತು ಕ್ಯಾಸೆಟ್ ಹಾಕಿ ನೋಡಿದರು, ಎಲ್ಲವೂ ಓಡಿದವು. ಮಗಳದ್ದನ್ನು ಮಾತ್ರ ಅವಳ ಹುಟ್ಟುಹಬ್ಬಕ್ಕೆಂದು ತೆಗೆದಿಟ್ಟಿದ್ದರು. ಆ ದಿನ ಹಾಕಿದರೆ, ಅದೊಂದೇ ನಿಂತುಹೋಯಿತು.

"ಚಪ್ಪಲಿ ಹಾಕ್ಕೊಳೇ ಪುಟ್ಟಿ, ನೆಲ ತಣ್ಣಗಿದೆ," ಎಂದು ಬೊಹುಮಿಲ್ ಬಾಗಿಲು ತೆರೆದರು. ಆಮೇಲೆ ರಾದ್ಕಾಗೆ ಹೇಳಿದರು: "ಯಾಕೆ ಅಂತ ಗೊತ್ತಾಯ್ತು. ಹಾಡು, ಆಟ ಎರಡೂ ಒಟ್ಟಿಗೆ ನಡೀಬೇಕಂದ್ರೆ ಆಗಿನ ಹುಡುಗರು ಆ ೨೫೫ಗಳನ್ನೇ ದಾರಿ ತೋರೋ ಕೈಕಂಬ ಮಾಡ್ಕೊಳ್ಳೋರು. ನಮ್ಮವಳೂ ಮಾಡಿದಾಳೆ. ಖಾಲಿ ಅಂದ್ಕೊಂಡು ನಾನು ಅವಳ ದಾರಿಗೆ ಅವಳನ್ನೇ ಅಡ್ಡ ಕೂರಿಸಿದೀನಿ."

"ನಿಮ್ಮ ಹಳೇ ಕಂಪ್ಯೂಟರ್ ಕ್ಲಬ್ಬಿನೋರು ಏನಂದ್ರು?"

"ಟ್ರಾಮ್ ಹಳಿ ಮೇಲೆ ಹೂಕುಂಡ ಇಟ್ಯಲ್ಲೋ ಮುದುಕಾ ಅಂತ ನಕ್ರು. ಆಮೇಲೆ ಬಿಯರ್ ಕೊಡಿಸಿದ್ರು."

"ಮುಖ ಚಿಕ್ಕದು ಮಾಡಿ."

"ಮಾಡ್ದೆ. ಅವಳ ಹಾಗೆ ಕಾಣ್ಲಿಲ್ಲ."

"ಹಾಗಾದ್ರೆ ಇನ್ನೊಂದು ಚಿಪ್ ತಗೊಳ್ಳಿ, ಎರಡೂ ಇರ್ಲಿ."

"ಎರಡಿದ್ರೆ ನಾನು ಈ ಮುಖದ ಮುಂದೇನೇ ಕೂತ್ಬಿಡ್ತೀನಿ. ವಾರದಿಂದ ಅದನ್ನೇ ಮಾಡ್ತಿದೀನಲ್ಲ. ಮುಖ ನಾನು ಮಾಡಿದ್ದು ಕಣೇ ಹುಡುಗಿ, ಆಟ ಅವಳು ಮಾಡಿದ್ದು. ಚಿತ್ರದ ನಕಲು ಇತ್ತಲ್ಲ, ಅದನ್ನೂ ಇವತ್ತು ಬೆಳಿಗ್ಗೆನೇ ಅಳಿಸಿಬಿಟ್ಟೆ."

ಮುಖವಿದ್ದ ಚಿಪ್ ಆಗಲೇ, ಬರೆದದ್ದನ್ನು ಅಳಿಸುವ ನೇರಳೆ ದೀಪದ ಪೆಟ್ಟಿಗೆಯೊಳಗಿತ್ತು. ಚಿಪ್ಪಿನ ಗಾಜಿನ ಕಿಂಡಿಗೆ ಬೆಳಕು ತಾಗದಂತೆ ಅಂಟಿಸಿದ್ದ ಚೀಟಿಯನ್ನೂ ಕಿತ್ತಿದ್ದರು. ದೀಪ ಹಾಕಿದರೆ ಇಪ್ಪತ್ತು ನಿಮಿಷ. ಎಲ್ಲವೂ ಮತ್ತೆ ೨೫೫. ಆಮೇಲೆ ಮೊದಲಿದ್ದದ್ದನ್ನು ಇದ್ದ ಹಾಗೇ ಬರೆಯಬಹುದು.

"ಆಮೇಲೆ ನಾನು ಅಣಬೆ ಆಯ್ಲಾ ತಾತ?" ಎಂದಳು ಯಿತ್ಕಾ.

"ನೀನೇ ಮೊದಲು." ಬೊಹುಮಿಲ್ ಡಬ್ಬಿ ಎತ್ತಿಕೊಂಡರು. "ರಾದ್ಕಾ, ಸ್ವಿಚ್ಚಿನ ತನಕ ನನ್ನ ಕೈ ಹೋಗುತ್ತೆ, ವಾಪಸ್ ಬರುತ್ತೆ. ನಾನು ಅಡುಗೆಮನೇಲಿ ಮಗೂಗೆ ಕಡುಬು ಕೊಡ್ತಿರ್ತೀನಿ. ದೀಪ ನೀನೇ ಹಾಕ್ತೀಯೇನಮ್ಮ?"