ಬಾಗಿಲು ಹಾಕಿದ ಹಡಗಲಿಯಲ್ಲಿ ಸೂರ್ಯಗ್ರಹಣ

ಕೂಡ್ಲಿಗಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. 1980ರ ಫೆಬ್ರವರಿ, ಶನಿವಾರ, ಸಂಪೂರ್ಣ ಸೂರ್ಯಗ್ರಹಣದ ದಿನ. ನಾನು ಸರ್ಕಾರಿ ಆಸ್ಪತ್ರೆಯ ನರ್ಸ್ ಆಗಿ ನಿವೃತ್ತಳಾದವಳು. ಜೊತೆಗಿದ್ದವರು ನೆರೆಮನೆಯ ಜೈನಬಿ ಟೀಚರ್, ಅವರೂ ನಿವೃತ್ತರು. ಚಂದ್ರನ ನೆರಳು ಹಾಯುವ ಪಟ್ಟಿಯ ನಕ್ಷೆ ಪತ್ರಿಕೆಯಲ್ಲಿ ಬಂದಿತ್ತು. ಹಡಗಲಿ ಪಟ್ಟಿಯೊಳಗೆ, ಕೂಡ್ಲಿಗಿ ಹೊರಗೆ. ಹೊರಗಿದ್ದವರಿಗೆ ಸೂರ್ಯನ ಒಂದು ಚೂರು ಉಳಿದೇ ಉಳಿಯುತ್ತದೆ.

"ಸರ್ವೀಸ್ ಪೂರಾ ಲಾಟೀನು, ನಿಂಬಿಹಣ್ಣು ಹಿಡಿದು ಗ್ರಹಣ ಹೇಳಿಕೊಟ್ಟೀನಿ ಸಿಸ್ಟರ್. ಒಂದ್ಸಲ ಖರೇದು ನೋಡಬೇಕಲ್ಲ. ಇನ್ನೊಮ್ಮೆ ಇಷ್ಟು ಹತ್ರ ಬರೂತನ ನಾನೆಲ್ಲಿರತೀನಿ?" ಎಂದರು ಟೀಚರ್.

ಬಸ್ಸು ಮುಕ್ಕಾಲು ಖಾಲಿ. "ಏನ್ರವ್ವಾ, ಗ್ರಹಣದ ದಿನ ಹೊಂಟೀರಿ? ಮನ್ಯಾಗ ಜಗಳ ಆತೇನು?" ಎಂದ ಕಂಡಕ್ಟರ್.

"ನೀನೂ ಬಂದೀಯಲ್ಲಪ್ಪ, ನೀನ್ಯಾರ ಕೂಡ ಜಗಳಾಡಿದಿ?" ಎಂದೆ.

"ನಂದು ಡಿಪೋ ಮ್ಯಾನೇಜರ್ ಕೂಡ್ರಿ," ಎಂದು ಟಿಕೆಟ್ ಹರಿದುಕೊಟ್ಟ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದೆವು. ಬಿಸಿಲು ಆಗಲೇ ಚುರುಕಾಗಿತ್ತು. ತೆರೆದಿದ್ದ ಒಂದೇ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಹಗರಿಬೊಮ್ಮನಹಳ್ಳಿಯ ಸ್ಟ್ಯಾಂಡಿನಲ್ಲಿ ಚಹಾದ ಅಂಗಡಿಯವನು ತುಂಬಿದ ನೀರಿನ ಡ್ರಮ್ಮನ್ನು ಚರಂಡಿಗೆ ಬೋರಲು ಹಾಕುತ್ತಿದ್ದ. ನೀರಿಗೆ ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ, ಗ್ರಹಣ ಹಿಡಿದ ಮೇಲೆ ಇದನ್ನು ಯಾರೂ ಕುಡಿಯುವುದಿಲ್ಲ ಎಂದ. ನೀರಿಗಾಗಿ ಸಾಲು ನಿಲ್ಲುವ ಊರಿನಲ್ಲಿ ಈ ಕೆಲಸ! ಮೈ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಹಡಗಲಿಯಲ್ಲಿ ನನ್ನ ಅಕ್ಕ ಕೊಟ್ರಮ್ಮನ ಮನೆ ತಲುಪಿದೆವು. ಅಕ್ಕ ಹಿತ್ತಾಳೆಯ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಒನಕೆ ನಿಲ್ಲಿಸಿದ್ದಳು. ಗ್ರಹಣ ಇರುವ ತನಕ ಅದು ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ, ಅಲ್ಲಿಯವರೆಗೆ ಮನೆಯ ಬಾಗಿಲು ತೆಗೆಯುವಂತಿಲ್ಲ ಎಂಬುದು ಅವಳ ನಂಬಿಕೆ. ಅದಕ್ಕೆ ನಾನು ಸಿದ್ಧಳಾಗಿಯೇ ಹೋಗಿದ್ದೆ. ಸಿದ್ಧಳಾಗಿರದಿದ್ದುದು ಅವಳ ಮಗ ವೀರಣ್ಣನಿಗೆ. ಬ್ಯಾಂಕಿನ ನೌಕರ, ವಿಜ್ಞಾನದ ಪದವೀಧರ. ನಾವು ಕೈಕಾಲು ತೊಳೆದು ಬರುವಷ್ಟರಲ್ಲಿ ಹಿಂದಿನ ಮುಂದಿನ ಬಾಗಿಲಿಗೆಲ್ಲ ಬೀಗ ಹಾಕಿ ಬೀಗದಕೈ ಜೇಬಿಗಿಳಿಸಿದ್ದ.

"ರೇಡಿಯೋದಾಗ ಹೇಳ್ಯಾರ ಚಿಗವ್ವ. ನೋಡಿದ್ರ ಕಣ್ಣು ಹೋಗತಾವು."

"ಸೂರ್ಯ ಒಂದು ಚೂರು ಕಾಣೋತನ ನೋಡಬ್ಯಾಡ್ರಿ ಅಂದಾರ. ಪೂರ್ತಿ ಮುಚ್ಚಿದ ಮ್ಯಾಲೆ ಬರಿಗಣ್ಣಿಲೇ ನೋಡಬೌದು. ಅರ್ಧ ಕೇಳಿ ರೇಡಿಯೋ ಬಂದ್ ಮಾಡಿದಿ ಏನಲೇ?"

"ನಿಮ್ಮ ಕಣ್ಣಿಗೆ ಏನರ ಆದ್ರ ನಾಳೆ ಊರಾಗ ನನ್ನ ಕೇಳತಾರ."

ಅವನು ಜಗ್ಗಲಿಲ್ಲ. ಕತ್ತಲೆಯ ಪಡಸಾಲೆಯಲ್ಲಿ ನಾಲ್ವರೂ ಕುಳಿತೆವು. ಇಷ್ಟು ದೂರ ಬಂದು, ನೆರಳಿನ ಪಟ್ಟಿಯೊಳಗೇ ಕೂತು, ಸೂರ್ಯನ ಬದಲು ಒನಕೆ ನೋಡುವುದು! ಟೀಚರ್ ಸೆರಗಿನ ತುದಿ ಸುತ್ತುತ್ತಿದ್ದರು.

ಪಡುವಣಕ್ಕೆ ಮುಖ ಮಾಡಿದ ಬೀದಿ ಬಾಗಿಲಿನ ಹಲಗೆಯಲ್ಲಿ ಮೊಳೆ ಕಿತ್ತ ಸಣ್ಣ ತೂತಿತ್ತು. ಅದರಿಂದ ಬಿದ್ದ ಬಿಸಿಲಿನ ಬೊಟ್ಟು ತಟ್ಟೆಯ ಪಕ್ಕದ ನೆಲದ ಮೇಲಿತ್ತು. ಟೀಚರ್ ತಟ್ಟನೆ ಬಾಗಿದರು.

"ಅಕ್ಕಾರೆ, ಇಲ್ಲಿ ನೋಡ್ರಿ. ಬೊಟ್ಟು ಕಚ್ಚಿದ ರೊಟ್ಟಿ ಆಗೇತಿ. ಇದು ಸೂರ್ಯ."

ಅಕ್ಕ ಮೊದಲು ಮುಖ ತಿರುಗಿಸಿದಳು. ಆಮೇಲೆ ವಾರೆಗಣ್ಣಿನಿಂದ ನೋಡಿದಳು. ಕೊನೆಗೆ ಮಂಡಿಯೂರಿ ಕೂತೇ ಬಿಟ್ಟಳು. ರೊಟ್ಟಿ ಕುಡುಗೋಲಾಯಿತು, ಕುಡುಗೋಲು ಉಗುರಾಯಿತು. ಹೊರಗೆ ಕಾಗೆಗಳು ಗೂಡಿಗೆ ಹೋಗುವ ಗದ್ದಲ. ಉಗುರು ದಾರವಾಗಿ, ನೆಲದ ಮೇಲಿಂದ ಅಳಿಸಿಹೋಯಿತು.

"ಎಲ್ಲಿ ಹೋತಲೇ ನೀಲಾ?" ಎಂದು ಅಕ್ಕ ನನ್ನನ್ನು ಕೇಳಿದಳು.

"ಬಾಗಲ ಹೊರಗೈತಿ. ನಿನ ಮಗ ಬಿಡವಲ್ಲ," ಎಂದೆ.

ಮರುಕ್ಷಣ ಒನಕೆ ಧಡ್ ಎಂದು ಬಿತ್ತು. ಅಕ್ಕನ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಬಿತ್ತು. ಗ್ರಹಣ ಬಿಟ್ಟೈತಿ. ಬಾಗಲ ತೆಗಿಯೋ ವೀರಣ್ಣಾ!"

"ಯವ್ವಾ, ನೀನಽ ದೂಡಿದೆಲ್ಲ!"

"ಒನಕಿ ನಂದು. ತೆಗಿ!"

ತಾಯಿಯ ಆ ಸ್ವರಕ್ಕೆ ರೇಡಿಯೋ ಎಲ್ಲಿ ಎದುರು ನಿಲ್ಲಬೇಕು? ಅವನು ಕಣ್ಣಿಗೆ ಟವೆಲ್ ಒತ್ತಿಕೊಂಡು ತಡವರಿಸಿ ಬೀಗ ತೆಗೆದ. ಮೂವರೂ ಹೊಸ್ತಿಲು ದಾಟಿದೆವು. ಇಡೀ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಪಡುವಣದಲ್ಲಿ ಕರಿ ಬಿಲ್ಲೆ, ಅದರ ಸುತ್ತ ಎಳೆ ಎಳೆಯಾಗಿ ಬೆಳ್ಳನೆಯ ಬೆಳಕು, ಪಕ್ಕದಲ್ಲಿ ಚುಕ್ಕೆಗಳು. ಟೀಚರ್ ಬಾಯಿ ತೆರೆದವರು ಮುಚ್ಚಲಿಲ್ಲ. ಅಕ್ಕ ಕೈ ಜೋಡಿಸಿದಳು. ಅಂಚಿನಲ್ಲಿ ಬೆಳಕು ಮಿಂಚಿದ್ದೇ ತಡ, "ಕಣ್ಣು ಕೆಳಗೆ!" ಎಂದು ವಾರ್ಡಿನ ದನಿಯಲ್ಲಿ ಕೂಗಿದೆ. ಇಬ್ಬರೂ ತಲೆ ತಗ್ಗಿಸಿದರು.

ಮರುದಿನ ಬೆಳಿಗ್ಗೆ ಹಿಂದಿರುಗುವ ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಸೀಟಿನವರು ತಾವು ಕಿಟಕಿಗೆ ಗೋಣಿಚೀಲ ತುರುಕಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೊಟ್ಟೂರು ಹತ್ತಿರವಾದಾಗ ಟೀಚರ್ ಮೆಲ್ಲಗೆ ಹೇಳಿದರು:

"ಕತ್ತಲಾಗತೈತಿ ಅಂತ ಅಷ್ಟಽ ಹೇಳಿಕೊಡತಿದ್ದೆ ಸಿಸ್ಟರ್. ಸೂರ್ಯಗೂ ಬಿಳಿಕೂದಲು ಅದಾವು ಅಂತ ನನಗ ಯಾರೂ ಹೇಳಿರಲಿಲ್ಲ."

ಯಾರು ಹೇಳಬೇಕಿತ್ತು? ಕಲಿತವರೆಲ್ಲ ಒಳಗಿನಿಂದ ಬೀಗ ಹಾಕಿಕೊಂಡಿದ್ದರು.